ಕೊಸರಿನಲ್ಲಿ ಕೇಳಿದ ನಗು

ಮೊಳಕಾಲ್ಮೂರಿನ ಬಸ್ ನಿಲ್ದಾಣದಿಂದ ಮೊದಲ ಬಸ್ಸು ಇನ್ನೂ ಹೊರಟಿಲ್ಲ. ಹಿಂದಿನ ಓಣಿಯಲ್ಲಿ ಯಾವ ಮನೆಯ ಬಾಗಿಲೂ ತೆರೆದಿಲ್ಲ. ಅರ್ಧಕ್ಕೆ ಎತ್ತಿದ ಒಂದು ಷಟರ್‌ನ ಕೆಳಗಿನಿಂದ ಮಾತ್ರ ನೂರಾರು ಜನ ಗೊಳ್ಳೆಂದು ನಗುವ ಸದ್ದು ಬರುತ್ತಿದೆ. ಬಗ್ಗಿ ಒಳಗೆ ನೋಡಿದರೆ ಅಲ್ಲಿ ಜನವೇ ಇಲ್ಲ. ಮೇಜಿನ ಮೇಲೆ ಒಂದು ಟಿ.ವಿ., ಅದರ ಮುಖ ಪೂರ್ತಿ ಮುಚ್ಚುವಂತೆ ಹೊದಿಸಿದ ಬಿಳಿ ಟವೆಲು. ನಗು ಆ ಟವೆಲಿನೊಳಗಿನಿಂದ ಏಳುತ್ತಿದೆ. ಎದುರಿಗೆ ಚಾಪೆಯ ಮೇಲೆ ಒಬ್ಬ ಹೆಂಗಸು ಕಣ್ಣು ಮುಚ್ಚಿ, ತುಟಿ ಬಿಗಿದು ಕೂತಿದ್ದಾರೆ. ಗೊತ್ತಿಲ್ಲದವರು ಕಂಡರೆ ಹೆಣ ಕಾಯುತ್ತಿದ್ದಾರೆಂದೇ ತಿಳಿದಾರು.

ಅವರು ಕೊಲ್ಲಾಪುರಮ್ಮ. ವಯಸ್ಸು ಐವತ್ತರ ಹತ್ತಿರ. ಈ ಮಹಾಂತೇಶ ಸೀಡಿ ಸೆಂಟರಿನಿಂದ ಬಾಡಿಗೆಗೆ ಹೋಗುವ, ಮಾರಾಟಕ್ಕೆ ಹೋಗುವ ಪ್ರತಿಯೊಂದು ಸೀಡಿಯೂ ಮೊದಲು ಅವರ ಕಿವಿ, ಆಮೇಲೆ ಅವರ ಕಣ್ಣು ದಾಟಿ ಹೋಗಬೇಕು. ಊರವರ ಪಾಲಿಗೆ ಮಾತ್ರ ಅವರು ಇವತ್ತಿಗೂ ಅಂಗಡಿಯ ಕಸ ಗುಡಿಸುವಾಕೆ. ಗೊತ್ತಿರುವ ಒಂದಿಬ್ಬರು, "ಕುಂತು ಸಿನಿಮಾ ನೋಡೋಕೂ ಸಂಬಳ ಕೊಡ್ತಾರಂತೆ, ಪುಣ್ಯ ಮಾಡಿರ್ಬೇಕು" ಎಂದು ಆಡಿಕೊಳ್ಳುತ್ತಾರೆ. ಆ ಪುಣ್ಯ ಎಂಥದ್ದೆಂದು ಒಂದು ಬೆಳಗ್ಗೆ ಅವರ ಪಕ್ಕ ಕೂತವರಿಗೆ ಗೊತ್ತು. ಒಂದೇ ಹಾಸ್ಯಚಿತ್ರವನ್ನು ಒಮ್ಮೆ ಚಿತ್ರವಿಲ್ಲದೆ, ಇನ್ನೊಮ್ಮೆ ಸದ್ದಿಲ್ಲದೆ ನೋಡಬೇಕು. ಎರಡು ಸಲವೂ ನಗಬಾರದು.

"ಚಿತ್ರ ಕಾಣ್ತಿದ್ರೆ ಕಿವಿ ಸೋಮಾರಿ ಆಗ್ಬಿಡ್ತೈತೆ. ಅದಕ್ಕೇ ಮುಸುಕು ಹಾಕ್ತೀನಿ" ಎನ್ನುತ್ತಾರೆ ಅವರು. "ಅಳೋ ಸಿನಿಮಾ ಒಂಚೂರು ಕೆಟ್ಟಿದ್ರೂ ಜನ ಅತ್ಬಿಡ್ತಾರೆ. ನಗೋದು ಹಂಗಲ್ಲ. ಮಾತು ಒಂದೆಳೆ ಹಿಂದೆ ಬಿದ್ರೆ ನಗು ಸತ್ತೋಗ್ತೈತೆ. ಆಮೇಲೆ ಪಾಪ, ನಟನ್ನ ಬೈತಾರೆ."

ನಸುಕಿನಲ್ಲೇ ಕೂರುವುದಕ್ಕೂ ಕಾರಣವಿದೆ. ಹೊತ್ತು ಏರಿದರೆ ಓಣಿಯ ಮನೆಮನೆಯಲ್ಲೂ ರೇಷ್ಮೆ ಸೀರೆಯ ಮಗ್ಗಗಳು ಏಳುತ್ತವೆ. ಗೋಡೆಯ ಆಚೆ ಈಚೆ ಲಟಕ್ ಲಟಕ್ ಶುರುವಾದ ಮೇಲೆ ಸೀಡಿಯ ಸಣ್ಣ ಕರಕರ ಸದ್ದು ಯಾರಿಗೂ ಕೇಳಿಸದು. ದಿನಕ್ಕೆ ಮೂರೋ ನಾಲ್ಕೋ ಸೀಡಿ ಆಗುವಷ್ಟರಲ್ಲಿ ಕಣ್ಣಲ್ಲಿ ನೀರು ಸುರಿಯುತ್ತದೆ, ತಲೆ ಸಿಡಿಯುತ್ತದೆ. ಎದ್ದು ಹಣೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡು ಕಸ ಗುಡಿಸುತ್ತಾರೆ. ಆಗ ಬಂದ ಗಿರಾಕಿಗಳ ಕಣ್ಣಿಗೆ ಬೀಳುವುದು ಆ ಪೊರಕೆ ಒಂದೇ.

ಕೊಲ್ಲಾಪುರಮ್ಮ ಮಗ್ಗದ ಮನೆಯ ಸೊಸೆ. ಗಂಡ ಜಂಪಣ್ಣ ನೇಯ್ದು ಇಳಿಸಿದ ಸೀರೆಯನ್ನು ಬಾಗಿಲ ಬೆಳಕಿಗೆ ಹಿಡಿದು, ಎಳೆ ಎಲ್ಲಿ ಹರಿದಿದೆಯೆಂದು ನೋಡುವುದು ಅವರ ಪಾಲಿನ ಕೆಲಸವಾಗಿತ್ತು. ವಿಡಿಯೊ ಕ್ಯಾಸೆಟ್ಟಿನ ಕಾಲದಲ್ಲಿ, ಈಗಿನ ಮಾಲೀಕ ಮಹಾಂತೇಶನ ತಂದೆ ಅವರನ್ನು ಅಂಗಡಿ ಗುಡಿಸಲು ಕರೆದರು. ಒಂದು ದಿನ ಟಿ.ವಿ.ಯಲ್ಲಿ ಓಡುತ್ತಿದ್ದ ಕ್ಯಾಸೆಟ್ಟನ್ನು ಪೊರಕೆ ಹಿಡಿದು ನಿಂತಲ್ಲೇ ನೋಡಿ, "ಅಣ್ಣ, ಬಾಯಿ ಮುಂದೆ ಹೋಗ್ತೈತೆ, ಮಾತು ಹಿಂದೆ ಬರ್ತೈತೆ" ಎಂದರಂತೆ. ಮಾಲೀಕರಿಗೆ ಕಾಣಲಿಲ್ಲ. ಸಂಜೆಯ ಹೊತ್ತಿಗೆ ಆ ಕ್ಯಾಸೆಟ್ಟು ಒಯ್ದಿದ್ದವರು ಅದನ್ನೇ ಬೈಯುತ್ತ ವಾಪಸು ತಂದರು. ಮಾರನೆಯ ಬೆಳಗ್ಗೆ ಟಿ.ವಿ.ಯ ಮುಂದೆ ಅವರಿಗೊಂದು ಚಾಪೆ ಬಂತು.

ಚಿತ್ರ, ಸದ್ದು ಎರಡನ್ನೂ ಬೇರೆ ಅಂಗಡಿಯವರು ಹೇಗೋ ನೋಡಿಕೊಳ್ಳುತ್ತಾರೆ. ಯಾರೂ ನೋಡದ ಮೂರನೆಯದೊಂದಿದೆ. ಕಥೆ ಮುಗಿದ ಮೇಲೆ ಬರುವ ಕಲಾವಿದರ ಮಾತು, ತಾಲೀಮಿನ ತುಣುಕು, ತಪ್ಪಿಹೋದ ಸಂಭಾಷಣೆ. ಹೊದಿಕೆಯ ಮೇಲೆ 'ಬೋನಸ್' ಎಂದು ಅಚ್ಚಾಗುವ ಇದಕ್ಕೆ ಕೊಲ್ಲಾಪುರಮ್ಮ ಇಟ್ಟ ಹೆಸರು ಕೊಸರು. ಸಂತೆಯಲ್ಲಿ ಸೇರು ಅಳೆದಾದ ಮೇಲೆ ಒಂದು ಹಿಡಿ ಹೆಚ್ಚಿಗೆ ಹಾಕುತ್ತಾರಲ್ಲ, ಅದೇ. "ಅಳತೇಲಿ ಎಲ್ರೂ ನೆಟ್ಟಗಿರ್ತಾರೆ. ಕೊಸರು ಹಾಕುವಾಗ ಪೊಳ್ಳು ಹಾಕ್ತಾರೆ. ಅದನ್ನ ನೋಡ್ಬೇಕು" ಎಂಬುದು ಅವರ ಸಿದ್ಧಾಂತ.

ಆ ಕೊಸರೇ ಹೋದ ವರ್ಷ ಅವರನ್ನು ಅಲ್ಲಾಡಿಸಿಬಿಟ್ಟಿತು.

ಕೊಂಡ್ಲಹಳ್ಳಿಯ ಬೊಮ್ಮಲಿಂಗಪ್ಪ ಊರೂರಿನಲ್ಲಿ ಹಾಸ್ಯ ನಾಟಕ ಆಡಿಸುವ ಮನುಷ್ಯ. ಅವರ 'ಆಡು ಕದ್ದ ಅಳಿಯ' ನಾಟಕದ ತಾಲೀಮು ನಡೆದದ್ದು ಕೊಲ್ಲಾಪುರಮ್ಮನ ಮನೆಯ ಪಡಸಾಲೆಯಲ್ಲಿ. ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ನೇಯುತ್ತಲೇ ಕೇಳಿಸಿಕೊಳ್ಳುತ್ತಿದ್ದ ಜಂಪಣ್ಣನಿಗೆ ಇಡೀ ನಾಟಕ ಬಾಯಿಪಾಠವಾಗಿತ್ತು. ಚಳ್ಳಕೆರೆಯ ಕಲ್ಯಾಣ ಮಂಟಪವೊಂದರಲ್ಲಿ ಪ್ರದರ್ಶನ ಏರ್ಪಟ್ಟಿತು. ಸೀಡಿ ಮಾಡಿ ಮಾರುವ ಹುಮ್ಮಸ್ಸಿನಲ್ಲಿ ಮಹಾಂತೇಶ ಕ್ಯಾಮೆರಾ ಇಡಿಸಿದ. ಕದ್ದ ಆಡಿಗೆ ಕಂಬಳಿ ಹೊದಿಸಿ, ಇದು ನಮ್ಮ ಕಾಯಿಲೆಯ ಸೋದರತ್ತೆ ಎಂದು ಅಳಿಯ ಮಾವನಿಗೆ ಪರಿಚಯಿಸುವ ದೃಶ್ಯ. ಕಂಬಳಿ ಹೊದ್ದ ಆಡು ವೇದಿಕೆಗೆ ಬರುವ ಮೊದಲೇ ಮುಂದಿನ ಸಾಲಿನಲ್ಲಿದ್ದ ಜಂಪಣ್ಣ ಒಬ್ಬನೇ ಹೊಟ್ಟೆ ಹಿಡಿದು ನಕ್ಕ. ನಕ್ಕು ಮುಗಿಸಿ, ವೇದಿಕೆಯ ಮೇಲಿದ್ದ ಗೆಳೆಯ ಬೊಮ್ಮಲಿಂಗಪ್ಪನತ್ತ ಕೈ ಬೀಸಿ, "ಹೋಗ್ಲೇ" ಎಂದ. ಆ ನಗು ಕೇಳಿ ಮಂಟಪವೇ ನಕ್ಕಿತು. ಅದಾದ ಮೇಲೆ ಜಂಪಣ್ಣ ಹೊರಗೆ ಕಟ್ಟೆಯ ಮೇಲೆ ಬೀಡಿ ಸೇದುತ್ತ ಕೂತವನು ನಾಟಕ ಮುಗಿಯುವವರೆಗೂ ಒಳಗೆ ಬರಲಿಲ್ಲ. ಮುಂದೆ ಎರಡು ತಿಂಗಳಿಗೆ, ಮಗ್ಗದ ಮುಂದೆ ಕೂತಲ್ಲೇ ಪಕ್ಕಕ್ಕೆ ವಾಲಿ ತೀರಿಕೊಂಡ. ಕೊಸರಿನ ಮಾತುಗಳನ್ನು ಚಿತ್ರೀಕರಿಸಿದ್ದು ಅದಾದ ಮೇಲೆ.

ಬೇರೆ ಊರಿನ ಸ್ಟುಡಿಯೊ ಒಂದರಿಂದ ಸೀಡಿಯ ಮೊದಲ ಪ್ರತಿ ತಯಾರಾಗಿ ಬಂತು. "ಒಂದ್ ಕಡೆ ಅವರ ನಗು ಬರ್ತೈತೆ ಅಂತ ಗೊತ್ತಿತ್ತು. ಬರ್ಲಿ ಅಂತ ಕಾಯ್ತಾ ಕುಂತಿದ್ದೆ" ಎಂದು ನೆನೆಯುತ್ತಾರೆ ಕೊಲ್ಲಾಪುರಮ್ಮ. ಅಂದು ನಸುಕಿನಲ್ಲಿ ಟವೆಲಿನ ಒಳಗೆ ಆ ನಗು ಬಂತು. ಸೆರಗಿನಿಂದ ಕಣ್ಣೊರೆಸಿಕೊಂಡರು. ದುಃಖವಾಯಿತು, ಹಿತವೂ ಆಯಿತು. ಸ್ವಲ್ಪ ಹೊತ್ತಿಗೆ ಅಳಿಯ ಬಾವಿಗೆ ಬೀಳುವ ದೃಶ್ಯದಲ್ಲಿ ಅದೇ ನಗು ಮತ್ತೆ ಬಂತು. ಅದೇ ಏರಿಳಿತ, ಕೊನೆಯಲ್ಲಿ ಅದೇ "ಹೋಗ್ಲೇ". ಮದುವೆಯ ದೃಶ್ಯದಲ್ಲಿ ಇನ್ನೊಮ್ಮೆ. ಕೊಲ್ಲಾಪುರಮ್ಮ ಮುಚ್ಚಿದ್ದ ಕಣ್ಣು ತೆರೆದರು. "ಕಟ್ಟೆ ಮ್ಯಾಲೆ ಬೀಡಿ ಸೇದ್ತಿದ್ದೋರು ಒಳಗೆ ಹೆಂಗ್ ನಕ್ರು?"

ಸೀಡಿ ನಿಲ್ಲಿಸಲಿಲ್ಲ, ನಡುವೆ ನಿಲ್ಲಿಸುವ ಪದ್ಧತಿ ಅವರಿಗಿಲ್ಲ. ನಾಟಕ ಮುಗಿದು ಕೊಸರು ಶುರುವಾಯಿತು. ಬೊಮ್ಮಲಿಂಗಪ್ಪನ ದನಿ ತಗ್ಗಿತ್ತು: "ಜಂಪಣ್ಣನ ಪಡಸಾಲೆ ಇಲ್ದಿದ್ರೆ ಈ ನಾಟಕನೇ ಇಲ್ಲ. ಈಗ ಆತ ನಮ್ ಜೊತೆ ಇಲ್ಲ." ಅಷ್ಟು ಹೇಳುತ್ತಿದ್ದಂತೆ ಮುಸುಕಿನೊಳಗೆ ಜಂಪಣ್ಣ ಹೊಟ್ಟೆ ಹಿಡಿದು ನಕ್ಕ. ನಕ್ಕು, "ಹೋಗ್ಲೇ" ಎಂದ.

ಕೊಲ್ಲಾಪುರಮ್ಮ ಟವೆಲು ಎಳೆದುಹಾಕಿದರು. ಪರದೆಯ ಮೇಲೆ ಬೊಮ್ಮಲಿಂಗಪ್ಪನ ಬಾಡಿದ ಮುಖ ಒಂದೇ ಇತ್ತು. ನಗುವವರು ಯಾರೂ ಇರಲಿಲ್ಲ. ಹಿಂದಕ್ಕೆ ಓಡಿಸಿ ಮತ್ತೆ ಹಾಕಿದರು, ಮತ್ತೆ ನಕ್ಕ. ಅಷ್ಟರಲ್ಲಿ ಪಕ್ಕದ ಮನೆಯ ಹುಚ್ಚಕ್ಕ ಷಟರ್ ಬಡಿಯುತ್ತಿದ್ದಳು. ಗೋಡೆಯಾಚೆ ರೇಷ್ಮೆ ನೂಲು ಸುತ್ತುತ್ತ ಕೂತಿದ್ದ ಆಕೆ ಕೆಲಸ ಅಲ್ಲೇ ಬಿಟ್ಟು ಓಡಿ ಬಂದಿದ್ದಳು. "ಕೊಲ್ಲಾಪುರಕ್ಕಾ, ನಿಮ್ ಮನೆಯವರು ಅಂಗಡ್ಯಾಗೆ ಬಂದು ಕುಂತವ್ರೆ. ನನ್ ಕಿವ್ಯಾರೆ ಕೇಳ್ದೆ" ಎಂದಳು. ಸಂಜೆಯೊಳಗೆ ಓಣಿಗೆಲ್ಲ ಸುದ್ದಿ ಹಬ್ಬಿತು. ಬೆಳಗಿನ ಹೊತ್ತು ಆ ಷಟರ್ ಮುಂದೆ ಹಾದುಹೋಗಲು ಹೆಂಗಸರು ಹಿಂಜರಿದರು.

ಮಹಾಂತೇಶ ಸ್ಟುಡಿಯೊಗೆ ಫೋನು ಮಾಡಿದಾಗ ದೆವ್ವದ ಗುಟ್ಟು ಬಯಲಾಯಿತು. ಪ್ರೇಕ್ಷಕರ ನಗು ಕೆಲವೆಡೆ ಸಪ್ಪೆಯಾಗಿತ್ತಂತೆ. ಸಿಕ್ಕವುಗಳಲ್ಲಿ ಚೆನ್ನಾಗಿದ್ದ ಒಂದು ನಗುವನ್ನು ಕತ್ತರಿಸಿ ಬೇಕೆಂದಲ್ಲಿ ಅಂಟಿಸಿದ್ದಾರೆ. ಕೊಸರೂ ಹಾಸ್ಯದ್ದೇ ತಾನೆ ಎಂದು ಅಲ್ಲಿಗೂ ಒಂದು. ಯಾರು ಸತ್ತಿದ್ದಾರೆ, ಯಾರು ನಕ್ಕಿದ್ದಾರೆ ಎಂಬುದು ಅವರಿಗೆ ಹೇಗೆ ಗೊತ್ತಾಗಬೇಕು? ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಗುಟ್ಟು ಗೊತ್ತಾದ ಮೇಲೂ ಭಯ ಹೋಗಲಿಲ್ಲವೆಂಬುದೇ ಸೋಜಿಗ. ಕೊಂಡ್ಲಹಳ್ಳಿಯಿಂದ ಬಂದು ಕೇಳಿದ ಬೊಮ್ಮಲಿಂಗಪ್ಪ ಬೆವರಿಬಿಟ್ಟರು. ಆ ಮಾತನ್ನು ಹೊಸದಾಗಿ ಚಿತ್ರೀಕರಿಸೋಣವೆಂದರೆ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. "ಇನ್ನೊಂದ್ ಸಲ ಆತ ಇಲ್ಲ ಅಂತ ನನ್ ಬಾಯಲ್ಲಿ ಬರಾಕಿಲ್ಲ. ಅಂದ ತಕ್ಷಣ ಹಿಂದಿಂದ ನಕ್ಬಿಡ್ತಾನೆ" ಎಂದು ಎದ್ದು ಹೋದರು.

ಮಹಾಂತೇಶನಿಗೆ ಮಾತ್ರ ಒಳಗೊಳಗೇ ಆಸೆ. "ಅಕ್ಕ, ಚಳ್ಳಕೆರೆ ಜನ ಇದ್ನೇ ನೋಡೋಕೆ ತಗೊಂತಾರೆ. ಜಂಪಣ್ಣ ಮಾವ ಇದ್ದಿದ್ರೂ ಹಂಗೇ ನಗ್ತಿರ್ಲಿಲ್ವಾ?" ಎಂದ. ಕೊಲ್ಲಾಪುರಮ್ಮ ಅವನನ್ನು ಎತ್ತಿ ಆಡಿಸಿದವರು, ಸಿಟ್ಟು ಮಾಡಲಿಲ್ಲ. "ಬದುಕಿದ್ದಾಗ ಯಾರು ಹೇಳಿದ್ರೂ ಸುಮ್ನೆ ನಗೋರಲ್ಲ ಅವ್ರು. ಸತ್ ಮ್ಯಾಲೆ ಹಿಡ್ಕೊಂಡ್ ಬಂದು ನಗಿಸ್ತಾರಲ್ಲ, ಇದು ಬಿಟ್ಟಿ ಚಾಕರಿ ಕಣಪ್ಪ. ಕಂಬಳಿ ಬರೋ ಕಡೆ ಅವ್ರೇ ನಕ್ಕಿದ್ದು, ಅದಿರ್ಲಿ. ಮಿಕ್ಕಿದ್ದೆಲ್ಲ ತೆಗೆಸು."

ನಾಟಕದಲ್ಲಿ ತೆಗೆಯುವುದು ಸುಲಭವಾಯಿತು. ಕೊಸರಿನಲ್ಲಿ ತೊಡಕು ಬಿತ್ತು. ಅಲ್ಲಿ ನಗುವೂ ಬೊಮ್ಮಲಿಂಗಪ್ಪನ ಮುಂದಿನ ಮಾತೂ ಬಿಡಿಸಲಾಗದಂತೆ ಬೆರೆತುಹೋಗಿದ್ದವು, ಮೂಲದ ಟೇಪು ಸ್ಟುಡಿಯೊದಲ್ಲಿ ಅಳಿಸಿಹೋಗಿತ್ತು. ನಗು ತೆಗೆದರೆ ಆ ಮಾತೂ ಹೋಗುತ್ತದೆ. ಆ ಮಾತಾದರೂ ಎಂಥದ್ದು? "ಆತನ ಹೆಂಡ್ತಿ ಕೊಲ್ಲಾಪುರಮ್ಮನೇ ಈ ಸೀಡಿ ನೋಡಿ ಪಾಸ್ ಮಾಡೋರು, ಅವರಿಗೆ ನಮ್ಮ ನಮಸ್ಕಾರ."

ಇಷ್ಟು ವರ್ಷದಲ್ಲಿ ಅವರ ಕೈ ದಾಟಿ ಹೋದ ಸೀಡಿಗಳಿಗೆ ಲೆಕ್ಕವಿಲ್ಲ. ಯಾವುದರಲ್ಲೂ ಅವರ ಹೆಸರಿಲ್ಲ. ಇದ್ದದ್ದು ಇದೊಂದರಲ್ಲಿ, ಅದೂ ಗಂಡನ ನಗುವಿನ ಅಡಿಯಲ್ಲಿ. ಮಹಾಂತೇಶ ನಾಲ್ಕಾರು ಸಲ ಕೇಳಿದ, "ಅಕ್ಕ, ಅಲ್ಲೇ ನಿಮ್ಮ ಹೆಸರು ಐತೆ. ಯೋಚ್ನೆ ಮಾಡ್ರಿ." ಕೊಲ್ಲಾಪುರಮ್ಮ ಆ ರಾತ್ರಿ ನಿದ್ದೆ ಮಾಡಲಿಲ್ಲವೆಂದು ಈಗ ಒಪ್ಪಿಕೊಳ್ಳುತ್ತಾರೆ. ಹೆಸರಿನ ಆಸೆ ಅವರಿಗೂ ಇತ್ತು. ತವರಿನವರಿಗೆಲ್ಲ ತೋರಿಸಬೇಕೆಂದುಕೊಂಡಿದ್ದರು. ಬೆಳಗ್ಗೆ ಅಂಗಡಿಗೆ ಬಂದು ಒಂದೇ ಮಾತು ಹೇಳಿದರು, "ಹೋಗ್ಲಿ, ತೆಗೆಸು."

ತಿದ್ದಿದ ಪ್ರತಿ ಬಂತು. ಮುಸುಕು ಹೊದಿಸಿ ಕೇಳಿದರು. ಕಂಬಳಿಯ ದೃಶ್ಯದಲ್ಲಿ ಜಂಪಣ್ಣ ಒಂದು ಸಲ ನಕ್ಕ, ಮತ್ತೆ ನಗಲಿಲ್ಲ. ಕೊಸರಿನಲ್ಲಿ ಬೊಮ್ಮಲಿಂಗಪ್ಪ "ಈಗ ಆತ ನಮ್ ಜೊತೆ ಇಲ್ಲ" ಎಂದ ಮೇಲೆ ಟವೆಲಿನೊಳಗೆ ಏನೂ ಇಲ್ಲ. ಉಸಿರಿನ ಸದ್ದೂ ಇಲ್ಲ. ಆ ಮೌನ ನಗುವಿಗಿಂತ ಹೆಚ್ಚು ಹೆದರಿಸಿತು ಎನ್ನುತ್ತಾರೆ. ಟವೆಲು ತೆಗೆದು ನೋಡಿದರೆ ಬೊಮ್ಮಲಿಂಗಪ್ಪನ ತುಟಿಗಳು ಸದ್ದಿಲ್ಲದೆ ಆಡುತ್ತಿದ್ದವು. ತುಟಿ ನೋಡಿ ಮಾತು ಹಿಡಿಯುವ ಕೊಲ್ಲಾಪುರಮ್ಮನಿಗೆ ತಮ್ಮ ಹೆಸರು ಕಂಡಿತು. ಇದಕ್ಕಿಂತ ಸಣ್ಣ ತಪ್ಪಿಗೆ ಎಷ್ಟೋ ಸೀಡಿಗಳನ್ನು ಅವರು ವಾಪಸು ಕಳಿಸಿದ್ದಾರೆ. ಇದನ್ನು ಮಾತ್ರ ಪಾಸ್ ಮಾಡಿದರು.

ಸೀಡಿ ಈಗ ಮೊಳಕಾಲ್ಮೂರು, ಚಳ್ಳಕೆರೆ ಎರಡೂ ತಾಲ್ಲೂಕಿನಲ್ಲಿ ಓಡಾಡುತ್ತಿದೆ. ಮೊನ್ನೆ ಬೆಳಗ್ಗೆ ಚಳ್ಳಕೆರೆಯ ಅಂಗಡಿಗಳಿಗೆ ಮಾಲು ಒಯ್ಯುವ ಹೊನ್ನೂರಸ್ವಾಮಿ ಒಂದನ್ನು ಹಿಡಿದುಕೊಂಡು ಬಂದ. "ಅಕ್ಕ, ಗಿರಾಕಿ ವಾಪಸ್ ಕೊಟ್ಟವ್ರೆ. ಕೊನೇಗೆ ಬಾಯಿ ಆಡ್ತೈತೆ, ಸೌಂಡ್ ಇಲ್ಲ. ನೀವು ನೋಡಿ ಕೊಟ್ಟಿದ್ದೇ ಹಿಂಗಾದ್ರೆ ಹೆಂಗ್ರಿ?"

ಕೊಲ್ಲಾಪುರಮ್ಮ ಸೀಡಿಯನ್ನು ಇಸಿದುಕೊಂಡರು. ಬೆಳಕಿಗೆ ಹಿಡಿದು, ಸೆರಗಿನ ತುದಿಯಿಂದ ಒರೆಸಿ, ಹೊದಿಕೆಯೊಳಗೆ ಇಟ್ಟು ಅವನ ಕೈಗೇ ಕೊಟ್ಟರು.

"ಸೌಂಡ್ ಹೋಗಿಲ್ಲಪ್ಪ. ಅಲ್ಲಿ ನಮ್ಮ ಮನೆಯವರು ಇಲ್ಲ, ಅಷ್ಟೆ."