ನಮ್ಮ ಓಣಿಗೆ ಮೂರೇ ಸುತ್ತು

“ಅಮ್ಮಾ, ನೀರು ಮಾವ ಅವರಕ್ಕನ ಮನೆ ಒಳಗೆ ಯಾಕೆ ಹೋಗಲ್ಲ? ಮೆಟ್ಟಿಲ ಹತ್ರಾನೇ ಯಾಕೆ ನಿಂತಿರ್ತಾರೆ?”

ಬೆಳಿಗ್ಗೆ ಜಡೆ ಹಾಕುವಾಗ ಮಗಳು ಕೇಳಿದಳು. ಅವಳಿಗೆ ನಾಲ್ಕೂವರೆ ವರ್ಷ. “ಅವರ ಕಾಲು ಕೆಸರಾಗಿರುತ್ತಲ್ಲ, ಅದಕ್ಕೆ” ಎಂದು ಬಾಯಿಗೆ ಬಂದದ್ದು ಹೇಳಿ ರಿಬ್ಬನ್ ಕಟ್ಟಿದೆ. ಈಗ ಮಧ್ಯಾಹ್ನ, ಅವಳು ಮಲಗಿದ್ದಾಳೆ. ಇಲ್ಲಾದರೂ ನಿಜ ಬರೆದಿಡುತ್ತೇನೆ.

ನೀರು ಮಾವ ನಮ್ಮ ವಾರ್ಡಿನ ನೀರುಗಂಟಿ. ಎದೆಯುದ್ದದ ಕಬ್ಬಿಣದ ಕೀಲಿಯನ್ನು ಹೆಗಲ ಮೇಲಿಟ್ಟುಕೊಂಡು ಓಣಿಯಿಂದ ಓಣಿಗೆ ಹೋಗುತ್ತಾರೆ. ಮೂಲೆಯ ಗುಂಡಿಯ ಮುಚ್ಚಳ ಸರಿಸಿ, ಕೀಲಿ ಇಳಿಸಿ ತಿರುಗಿಸುತ್ತಾರೆ. ಹನ್ನೆರಡು ಸುತ್ತು ತಿರುಗಿಸಿದರೆ ವಾಲ್ವ್ ಪೂರ್ತಿ ತೆರೆದು ನೀರು ಮಹಡಿಗೂ ಏರುತ್ತದೆ. ಮೂರೇ ಸುತ್ತಾದರೆ ನಲ್ಲಿ ಕೆಮ್ಮುತ್ತದೆ, ಅಷ್ಟೆ.

ಅಪ್ಪ ಅಮ್ಮ ಬೇಗ ಹೋದ ಮೇಲೆ ಅವರನ್ನು ಸಾಕಿದ್ದು ನಮ್ಮ ಎದುರು ಮನೆಯ ಮಹಡಿಯಲ್ಲಿರುವ ಅವರಕ್ಕ. ಓಣಿಗೆಲ್ಲ ಅವರು ಅಕ್ಕನೇ. ಅಂಗಿಗೆ ಗುಂಡಿ ಹೊಲಿದು ತಮ್ಮನನ್ನು ಓದಿಸಿದರು, ಹೆಣ್ಣನ್ನೂ ಅವರೇ ನೋಡಿ ತಂದರು. ಮದುವೆಯಾದ ವರ್ಷವೇ ಹೆಣ್ಣಿನ ಅಣ್ಣ ವಾರ್ಡಿನ ಮೆಂಬರಾದರು. ನೀರು ಮಾವನಿಗೆ ಕೀಲಿ ಬಂತು, ಇರಲು ಭಾವನ ಹಳೇ ಮನೆ ಬಂತು, ಈಗ ಮಗಳಿಗೆ ವಾರ್ಡ್ ಕಚೇರಿಯಲ್ಲಿ ಟೈಪಿಸ್ಟ್ ಕೆಲಸ, ವರ್ಷವರ್ಷವೂ ನವೀಕರಿಸಬೇಕಾದ್ದು.

ನಮ್ಮಲ್ಲಿ ಎಲ್ಲ ಹೀಗೆಯೇ. ತೆರಿಗೆ ವಸೂಲಿಗೆ ಬರುವವನು ಮೆಂಬರಿನ ಅಳಿಯ, ಬೀದಿದೀಪದವನು ಷಡ್ಡಕ. ಇವರ ಮೇಲೆ ದೂರು ಬರೆದುಕೊಂಡು ಹೋದರೆ ಕಚೇರಿಯಲ್ಲಿ ಅದನ್ನು ತೆಗೆದುಕೊಳ್ಳುವವಳು ಮೆಂಬರಿನ ನಾದಿನಿ.

ಹೋದ ಚುನಾವಣೆಯಲ್ಲಿ ಮೆಂಬರಿನ ಎದುರು ನಿಂತವರು ಅಕ್ಕನ ಬೀಗರು, ಸೊಸೆಯ ತಂದೆ. ಅಕ್ಕ ಏನು ಮಾಡಿಯಾರು? ದಿನಾ ಬೆಳಗಾದರೆ ಸೊಸೆಯ ಮುಖ ನೋಡಬೇಕಲ್ಲ. ಬೀಗರಿಗಾಗಿ ಮನೆಮನೆ ಹತ್ತಿ ಇಳಿದರು. ನಾನೂ ಅವರ ಮಾತಿಗೇ ಮತ ಹಾಕಿದೆ. ನನ್ನ ಬಾಣಂತನದಲ್ಲಿ ಮಗುವಿನ ಬಟ್ಟೆ ಒಗೆದುಕೊಟ್ಟವರು ಅವರು. ಬೀಗರು ಸೋತರು. ನಮ್ಮ ಓಣಿ ಯಾರ ಕಡೆ ಎಂಬುದು ಮಾತ್ರ ಊರಿಗೆಲ್ಲ ಗೊತ್ತಾಯಿತು.

ಮರುವಾರವೇ ನಲ್ಲಿ ಕೆಮ್ಮತೊಡಗಿತು.

“ಏನ್ ಮಾವ, ಇವತ್ತು ಬಿಂದಿಗೆ ತರ್ಲಾ, ಚಮಚ ತರ್ಲಾ?” ಮೂಲೆಮನೆಯ ದರ್ಜಿ ಕಿಚಾಯಿಸಿದ.

“ಮೇಲಿಂದಲೇ ಬರ್ತಿಲ್ಲ ಕಣಪ್ಪ.”

“ಮೇಲಿಂದ ಅಂದ್ರೆ ಟ್ಯಾಂಕಿಂದಲೋ, ನಿಮ್ ಭಾವನ ಮನೆಯಿಂದಲೋ?”

ಅಕ್ಕ ಮಹಡಿಯಿಂದಲೇ ಗದರಿದರು. “ಯಾಕೋ ಅವನನ್ನ ಗೋಳು ಹುಯ್ಕೋತೀಯ? ಅವನ ಹೊಟ್ಟೆಪಾಡು ಅವನಿಗೆ.”

ಒಂದು ದಿನ ನೀರು ಮಾವ ತಡೆಯಲಾರದೆ ಹನ್ನೆರಡೂ ಸುತ್ತು ತಿರುಗಿಸಿಬಿಟ್ಟರು. ತಂಗಿಯ ಗಂಡನಲ್ಲವೇ, ಭಾವ ನಾಲ್ಕು ಬೈದು ಸುಮ್ಮನಾದಾರು ಎಂದುಕೊಂಡಿದ್ದರಂತೆ. ಭಾವ ಬೈಯಲೇ ಇಲ್ಲ. ಮನೆಗೆ ಕರೆದು, ಕಾಫಿ ಕೊಡಿಸಿ, ಮೆತ್ತಗೆ ಹೇಳಿದರಂತೆ: “ನಿನ್ನ ತೆಗೆದುಹಾಕಿದ್ರೆ ನನ್ನ ತಂಗಿ ಅಳ್ತಾಳೆ. ಕೀಲಿ ನಿನ್ನ ಹತ್ರಾನೇ ಇರ್ಲಿ. ಆ ಓಣಿಗೆ ಮೂರೇ ಸುತ್ತು, ನೀನೇ ತಿರುಗಿಸ್ಬೇಕು. ಮಗಳ ಕೆಲಸದ ಕಾಗದ ಮುಂದಿನ ತಿಂಗಳು ನನ್ನ ಮೇಜಿಗೇ ಬರೋದು.”

ಮತ್ತೆ ಮೂರು ಸುತ್ತಾಯಿತು. ನಾವೆಲ್ಲ ಮುಖ್ಯರಸ್ತೆಯ ಟ್ಯಾಂಕರಿಗೆ ಮುಗಿಬಿದ್ದೆವು. ಅದು ಬರುವುದು ಒಂಬತ್ತಕ್ಕೆ. ಅಕ್ಕನ ಮಗ, ಸೊಸೆ ಏಳಕ್ಕೇ ಕಾರ್ಖಾನೆಗೆ ಹೋಗುವವರು. ತುಂಬಿದ ಬಿಂದಿಗೆಯನ್ನು ಸೊಂಟಕ್ಕಿಟ್ಟುಕೊಂಡು ಮಹಡಿ ಹತ್ತುವಾಗ ಹದಿನೈದು ದಿನದ ಹಿಂದೆ ಅಕ್ಕ ಜಾರಿ ಬಿದ್ದರು. ನಾನು ಓಡಿಹೋಗುವಷ್ಟರಲ್ಲಿ ನೀರೆಲ್ಲ ಮೆಟ್ಟಿಲಿಳಿದು ಬೀದಿಗೆ ಬಂದಿತ್ತು. ಸೊಂಟದ ಮೂಳೆ ಮುರಿದಿದೆ. ಇನ್ನು ಎದ್ದು ಓಡಾಡುವುದು ಅನುಮಾನ ಎಂದರು ಡಾಕ್ಟರು. ಈಗ ಎಲ್ಲ ಮಲಗಿದಲ್ಲೇ. ದಿನಕ್ಕೆ ಎರಡು ಸಲ ಹಾಸಿಗೆಯ ಬಟ್ಟೆ ಬದಲಿಸಬೇಕು, ಒಗೆಯಲು ನೀರಿಲ್ಲ.

ಅಂದು ನೀರು ಮಾವ ಓಡೋಡಿ ಬಂದಾಗ, ಸುದ್ದಿ ತಿಳಿದು ಕಾರ್ಖಾನೆಯಿಂದ ಬಂದಿದ್ದ ಅಕ್ಕನ ಮಗ ಮೆಟ್ಟಿಲಿಗೆ ಅಡ್ಡ ನಿಂತ. “ಆ ಕೀಲಿ ಹಿಡ್ಕೊಂಡು ಮೇಲೆ ಬರ್ಬೇಡಿ ಮಾವ. ನಿಮ್ಮ ಭಾವನ ಮನೇಲಿ ಬಿಸಾಕಿ ಬನ್ನಿ.”

ಅವರು ಬಿಸಾಕಲಿಲ್ಲ. ದಿನಾ ಬರುತ್ತಾರೆ, ಕೆಳಗೇ ನಿಂತು ಹೋಗುತ್ತಾರೆ. ನನಗೂ ಮೈ ಉರಿಯುತ್ತದೆ. ಅಷ್ಟರಲ್ಲಿ ಆ ಟೈಪಿಸ್ಟ್ ಹುಡುಗಿಯ ನೆನಪಾಗಿ, ಮಲಗಿರುವ ನನ್ನವಳ ಕಡೆ ನೋಡುತ್ತೇನೆ.

ಇವತ್ತು ಮಗಳನ್ನು ಶಾಲೆಗೆ ಬಿಟ್ಟು ಬಂದಾಗ ಅವರು ನಮ್ಮ ಹಿತ್ತಿಲ ಬಾಗಿಲಲ್ಲಿದ್ದರು. ಸೈಕಲ್ಲಿನ ಎರಡೂ ಕಡೆ ತುಂಬಿದ ಕೊಡಗಳು, ಬಾಯಿಗೆ ಬಟ್ಟೆ ಕಟ್ಟಿದವು.

“ದಿನಾ ಎರಡು ಕೊಡ ಇಲ್ಲಿ ತಂದಿಡ್ತೀನಿ ತಂಗಿ. ಮೇಲೆ ತಗೊಂಡ್ ಹೋಗಿ ಅಕ್ಕನಿಗೆ ಕೊಡ್ತೀಯಾ? ಕೇಳಿದ್ರೆ ಟ್ಯಾಂಕರಿಂದು ಅನ್ನು. ನನ್ನ ಮನೆ ನೀರು ಅಂತ ತಿಳಿದ್ರೆ ಅವಳ ಮಗ ಚೆಲ್ಲಿಬಿಡ್ತಾನೆ. ನಮ್ಮನೆಯವಳಿಗೂ ಹೇಳ್ಬೇಡಮ್ಮ.”