ಮೂರು ಪಟ್ಟಿಯ ಕಲ್ಲು

ಛಟ್ಟಿ ಅಮವಾಸ್ಯೆ, ಭಾನುವಾರ. ಬೆಳಿಗ್ಗೆ ಆರು ಗಂಟೆ. ಸ್ಥಳ: ಆನೆಗೊಂದಿ ದಾರಿಯಿಂದ ಸ್ವಲ್ಪ ಒಳಗೆ, ಭತ್ತದ ಗದ್ದೆ ಮುಗಿದು ಬಂಡೆಗಳು ಶುರುವಾಗುವ ಗುಡ್ಡದ ಬುಡ. ಹಾಜರಿದ್ದವರು: ಗಂಗಾವತಿಯ ಅಕ್ಕಿ ಗಿರಣಿಯ ಸಾಹುಕಾರರು, ಕುಷ್ಟಗಿಯ ಹೈಸ್ಕೂಲ್ ಟೀಚರು ಮತ್ತು ನಾನು. ಉಳಿದ ಸೈಕಲ್ ಸವಾರರಿಗೆ ಈ ಭಾನುವಾರ ಬರಬೇಡಿ ಎಂದು ಮೊದಲೇ ತಿಳಿಸಿದ್ದೆವು. ಇನ್ನೊಬ್ಬರು ಬರುವುದು ಗ್ಯಾರಂಟಿ ಇತ್ತು. ಹಿಂದಿನ ಅಮವಾಸ್ಯೆಗೆ ಬಂದಿದ್ದ, ಈ ಅಮವಾಸ್ಯೆಗೂ ಬರಲಿದ್ದ ಒಬ್ಬ ಹೆಣ್ಣುಮಗಳಿಗಾಗಿಯೇ ನಾವು ಕಾದಿದ್ದೆವು.

ಸಾಹುಕಾರರು ಜೀಪಿನಿಂದ ಹಾರೆ ಇಳಿಸಿ ಬಂಡೆಗೆ ಒರಗಿಸಿದರು. ಟೀಚರ್ ಅದನ್ನು ನೋಡಿ ಮುಖ ಗಂಟಿಕ್ಕಿದರು. ಅವರ ಬಲಮೊಣಕೈಗೆ ನಾನೇ ಕಟ್ಟಿದ ಬ್ಯಾಂಡೇಜು ಇನ್ನೂ ಇತ್ತು.

"ಹಾರಿ ಯಾಕ ತಂದ್ರಿ ಸಾವ್ಕಾರ್ರ? ಮೊದಲ ಮಾತಾಡೂಣು ಅಂದಿದ್ವಿ."

"ಮಾತಿಗೆ ಬಗ್ಗಲಿಲ್ಲಂದ್ರ ಹಾರಿಗೆ ಬಗ್ಗತೈತ್ರಿ ಟೀಚರ್ರ. ಕಲ್ಲಿನ ಮಾತು ಹೇಳಾಕತ್ತೀನಿ, ಆಕೀದಲ್ಲ."

ನಾನು ಸರಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು. ಕೊಪ್ಪಳದಲ್ಲಿ ನಮ್ಮ ಓಣಿಯ ನಾಲ್ಕಾರು ಜನ ಭಾನುವಾರ ಗುಡ್ಡದ ಸೈಕಲ್ ತುಳಿಯಲು ಹೊರಟಾಗ, ಔಷಧದ ಚೀಲ ಹೊರಲು ಯಾರಾದರೂ ಬೇಕೆಂದು ನನ್ನನ್ನು ಕರೆದರು. ಗುಡ್ಡ ಹತ್ತಲು ನನ್ನ ಮೊಣಕಾಲು ಒಪ್ಪುವುದಿಲ್ಲ. ಬಸ್ಸಿನ ಮೇಲೆ ಹಾಕಿ ತಂದ ಸಾದಾ ಸೈಕಲ್ಲಿನಲ್ಲಿ ಬುಡದವರೆಗೆ ಹೋಗಿ, ಚೀಲ ತೆರೆದಿಟ್ಟು, ಎಲ್ಲರೂ ಇಳಿದು ಬರುವವರೆಗೆ ಕೂರುವುದು ನನ್ನ ಕೆಲಸ. ಯಾರು ಮೇಲಿದ್ದಾರೆ, ಯಾರು ಇಳಿದರು ಎಂಬುದು ನನಗೆ ಗೊತ್ತಿರಬೇಕು. ಎಲ್ಲರೂ ನನ್ನನ್ನು ಸಿಸ್ಟರ್ ಎಂದೇ ಕರೆಯುತ್ತಾರೆ.

ಕೊಪ್ಪಳದಂತೆಯೇ ಗಂಗಾವತಿ, ಕುಷ್ಟಗಿ, ಯಲಬುರ್ಗಾದಲ್ಲೂ ಒಂದೊಂದು ಗುಂಪು ಇದೆ. ಕಚೇರಿ ಇಲ್ಲ, ಅಧ್ಯಕ್ಷರಿಲ್ಲ. ಇದ್ದವರು ಇಲ್ಲದವರಿಗೆ ಕೊಡುತ್ತಾರೆ. ಟೈರು, ಟ್ಯೂಬು, ಹೆಲ್ಮೆಟ್ಟು ಒಂದು ಊರಿನಿಂದ ಇನ್ನೊಂದಕ್ಕೆ ಬಸ್ಸಿನ ಮೇಲೆ ಕೂತು ಹೋಗುತ್ತವೆ. ಸೈಕಲ್ಲು ಕೊಳ್ಳಲಾಗದವರಿಗೆ ಸರದಿಯ ಸೈಕಲ್ಲುಗಳಿವೆ. ಮಳೆಗಾಲ ಮುಗಿದ ಮೇಲೆ ನಾಲ್ಕೂ ಊರಿನವರು ಸೇರಿ ಕಾಲುದಾರಿಗಳ ಜಾಲಿಮುಳ್ಳು ಕಡಿದು ಹೊರಹಾಕುತ್ತಾರೆ. ಕುರಿಗಾರರಿಗೂ ಅದರಿಂದ ಅನುಕೂಲ.

ಸುಣ್ಣದ ಗುರುತೂ ನಾಲ್ಕು ಊರಿಗೆ ಸೇರಿದ ಕೆಲಸವೇ. ಈ ಗುಡ್ಡಗಳ ಬಂಡೆಗಳಿಗೆ ಪೇಂಟು ಬಳಿಯುವುದು ಸರಿಯಲ್ಲ; ಒಮ್ಮೆ ಹತ್ತಿದರೆ ಹೋಗುವುದಿಲ್ಲ. ಸುಣ್ಣವಾದರೆ ಮಳೆಗೆ ತೊಳೆದುಹೋಗುತ್ತದೆ, ಪ್ರತಿ ವರ್ಷ ಹೊಸದಾಗಿ ಬಳಿಯಬೇಕು. ಅಡ್ಡಕ್ಕೆ ಒಂದು ಪಟ್ಟಿ ಇದ್ದರೆ ನಿಧಾನಿಸು. ಎರಡಿದ್ದರೆ ಇಳಿದು ತಳ್ಳಿಕೊಂಡು ಹೋಗು. ಮೂರಿದ್ದರೆ ಮುಂದೆ ಯಾರಿಗೋ ದೊಡ್ಡ ಪೆಟ್ಟಾಗಿದೆ, ಇಳಿಯಲೇಬೇಕು. ಅಪಾಯವಿದ್ದಲ್ಲಿಯೇ ಪಟ್ಟಿ ಹಾಕಿದರೆ ಪ್ರಯೋಜನವಿಲ್ಲ, ಬ್ರೇಕು ಹಿಡಿಯಲು ಸಮಯ ಬೇಕು. ಅದಕ್ಕೇ ಸ್ವಲ್ಪ ಮೇಲಿನ, ದೂರದಿಂದ ಕಾಣುವ ಕಲ್ಲನ್ನು ಹುಡುಕಿ ಬಳಿಯುತ್ತಾರೆ.

ಈ ಗುಡ್ಡದ ಇಳಿಜಾರಿನಲ್ಲಿ ಒಂದು ಉರುಟು ಕಲ್ಲಿಗೆ ಎರಡು ಪಟ್ಟಿ ಇತ್ತು. ಮಳೆಗಾಲದ ಕೊನೆಯಲ್ಲಿ ನಮ್ಮ ಗುಂಪಿನ ಒಬ್ಬ ಹುಡುಗ ಆ ಕಲ್ಲು ದಾಟಿ, ಇಳಿಯದೆ ಮುಂದೆ ಹೋಗಿ ಬಿದ್ದ. ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ನೇರ ಗುಡ್ಡಕ್ಕೆ ಬರುತ್ತಿದ್ದವನು. ಯಲಬುರ್ಗಾದ ಆಚೆಯ ಹಳ್ಳಿಯವನು. ಅಂದು ನಾನು ಮೊಣಕಾಲು ಮರೆತು ಹತ್ತಿದೆ. ಆಸ್ಪತ್ರೆಯ ಗಾಡಿ ಬರುವ ಮೊದಲೇ ಅವನ ಪ್ರಾಣ ಹೋಯಿತು. ಮುಂದಿನ ಭಾನುವಾರ ಸಾಹುಕಾರರು ಯಾರೊಂದಿಗೂ ಮಾತಾಡದೆ ಹತ್ತಿ, ಆ ಉರುಟು ಕಲ್ಲಿಗೆ ಮೂರನೆಯ ಪಟ್ಟಿ ಎಳೆದು ಬಂದರು.

ದಸರೆ ಕಳೆಯುವಷ್ಟರಲ್ಲಿ ಕಲ್ಲಿನ ನಡುವೆ ಕುಂಕುಮ ಬಂದಿತ್ತು. ಉರುಟು ಕಲ್ಲು, ಅಡ್ಡಕ್ಕೆ ಮೂರು ಬಿಳಿ ಪಟ್ಟಿ. ನಮ್ಮ ಕಡೆ ಅದನ್ನು ನೋಡಿದವರು ಯಾರೂ ಸೈಕಲ್ಲಿನ ಗುರುತು ಎಂದುಕೊಳ್ಳುವುದಿಲ್ಲ, ವಿಭೂತಿ ಧರಿಸಿದ ಲಿಂಗ ಎಂದೇ ಕೈ ಮುಗಿಯುತ್ತಾರೆ. ನಮ್ಮಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ. ಕುರಿಗಾರರಿಂದ ಮಾತು ಹಬ್ಬಿತು: ಹುಡುಗ ಸತ್ತ ಜಾಗದಲ್ಲಿ ಕಲ್ಲಿಗೆ ತಾನಾಗಿ ವಿಭೂತಿ ಮೂಡಿದೆ, ಅವನು ಅಲ್ಲಿ ನೆಲೆ ನಿಂತಿದ್ದಾನೆ. ಮಾತು ಅವನ ತಾಯಿಗೂ ಮುಟ್ಟಿತು. ಆಕೆ ಎರಡು ಬಸ್ಸು ಬದಲಿಸಿ ಅಮವಾಸ್ಯೆಗೆ ಬಂದು ಎಣ್ಣೆ ಹೊಯ್ದು ಹೋದಳು. ಆಮೇಲೆ ಉಳಿದವರೂ ಹೊಯ್ದರು. ಎಣ್ಣೆ ಕಲ್ಲಿನಿಂದ ಹರಿದು ದಾರಿಯ ಬಂಡೆಗೆ ಇಳಿಯಿತು. ಹಿಂದಿನ ಭಾನುವಾರ ಟೀಚರ್ ಜಾರಿದ್ದು ಆ ಎಣ್ಣೆಯ ಮೇಲೆ. ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ಹೋಗುತ್ತಿದ್ದರೂ ಜಾರಿದರು.

ನನ್ನ ವಿಷಯವನ್ನೂ ಹೇಳಬೇಕು. ವಾರ್ಡಿನಲ್ಲಿ ನಾನು ಕಂಡ ಸಾವುಗಳು ಲೆಕ್ಕವಿಲ್ಲ. ಯಾರೂ ನನ್ನ ಹಿಂದೆ ಮನೆಗೆ ಬಂದಿರಲಿಲ್ಲ. ಪಾಳಿ ಮುಗಿದಾಗ ಮುಂದಿನವರಿಗೆ ಒಪ್ಪಿಸುತ್ತಿದ್ದೆ, ಸತ್ತವರನ್ನು ಮನೆಯವರಿಗೆ ಒಪ್ಪಿಸುತ್ತಿದ್ದೆ, ಹೇಗಾಯಿತೆಂದು ನಾಲ್ಕು ಮಾತು ಹೇಳುತ್ತಿದ್ದೆ. ಈ ಹುಡುಗನನ್ನು ಮಾತ್ರ ಗಾಡಿ ಒಯ್ದಿತು, ಆಮೇಲೆ ಪೊಲೀಸರು, ಆಮೇಲೆ ಊರವರು. ತಾಯಿ ಬಂದಾಗ ನಾನು ಅಲ್ಲಿರಲಿಲ್ಲ. ಆಗಿನಿಂದ ಅವನು ನನ್ನ ಬಳಿಯೇ ಉಳಿದ. ಬೆಳಿಗ್ಗೆ ಹಾಲು ಕಾಯಿಸುವಾಗ ಬಾಗಿಲಿನ ಆಚೆ ಯಾರೋ ಸೈಕಲ್ ನಿಲ್ಲಿಸಿದಂತಾಗುತ್ತದೆ. ಹೋಗಿ ನೋಡುತ್ತೇನೆ. ಹೋಗಿ ನೋಡದಿದ್ದರೆ ಹಾಲು ಇಳಿಸಲು ಆಗುವುದಿಲ್ಲ.

ಬಿಸಿಲು ಗದ್ದೆಗೆ ಇಳಿಯುವ ಹೊತ್ತಿಗೆ ಆಕೆ ಬಂದಳು. ನನಗಿಂತ ಬಹಳ ಚಿಕ್ಕವಳು, ಕೂಲಿಗೆ ಹೋಗುವ ಗಟ್ಟಿ ಆಳು. ಕೈಚೀಲದಲ್ಲಿ ತೆಂಗಿನಕಾಯಿ, ಎಣ್ಣೆಯ ಬಾಟಲಿ. ನಮ್ಮನ್ನು ನೋಡಿ ನಿಂತಳು. ಆಮೇಲೆ ಹಾರೆ ನೋಡಿದಳು.

"ಕಲ್ಲು ಕೀಳಾಕ ಬಂದೀರೇನ್ರಿ?"

ಸಾಹುಕಾರರು ಹಾರೆಯನ್ನು ಬಂಡೆಯ ಹಿಂದಕ್ಕೆ ಸರಿಸಿದರು. ನಾನು ಯಾರೆಂದು ಹೇಳಿದೆ. ಅವನು ಬಿದ್ದ ದಿನ ಜೊತೆಗಿದ್ದವಳು ಎಂದೂ ಹೇಳಿದೆ. ಆಕೆ ಚೀಲ ಕೆಳಗಿಡಲಿಲ್ಲ.

"ಮೊದ್ಲ ಪೂಜಿ ಆಗ್ಲಿರಿ. ಆಮ್ಯಾಲೆ ಏನರ ಹೇಳ್ರಿ" ಎಂದು ಹತ್ತತೊಡಗಿದಳು. ನಾವು ಹಿಂದೆ ಹತ್ತಿದೆವು, ಸಾಹುಕಾರರು ಹಾರೆ ಹಿಡಿದು, ನಾನು ಟೀಚರ ಎಡಗೈ ಹಿಡಿದು.

ಕಲ್ಲಿನ ಬಳಿ ನಿಂಬೆಹಣ್ಣು, ಬಾಡಿದ ಚೆಂಡುಹೂ, ಯಾರೋ ಕಟ್ಟಿದ ಹಸಿರು ಬಳೆ. ಸುತ್ತಲ ಬಂಡೆ ಕಪ್ಪಗೆ ಮಿನುಗುತ್ತಿತ್ತು. ಆಕೆ ಬಾಟಲಿಯ ಮುಚ್ಚಳ ತಿರುಗಿಸುವಾಗ ಟೀಚರ್ ತಡೆಯಲು ಕೈ ಚಾಚಿದರು. ಬ್ಯಾಂಡೇಜು ಆಕೆಯ ಕಣ್ಣಿಗೆ ಬಿತ್ತು.

"ಇದು ಹ್ಯಾಂಗಾತ್ರಿ?"

"ಬಿದ್ದೆರೀ."

"ಎಲ್ಲಿ?"

ಟೀಚರ್ ಮೊಣಕೈಯನ್ನು ಹಿಂದಕ್ಕೆ ಸರಿಸಿದರು. ಆಕೆ ಕಾಲಬೆರಳಿನಿಂದ ಬಂಡೆ ಒರೆಸಿ ನೋಡಿದಳು.

"ನನ್ನ ಎಣ್ಣಿದೇನು?"

"ಇಲ್ರೀ, ನಾನ ಅವಸರ ಮಾಡಿದೆ."

"ಸುಳ್ಳು ಹೇಳಬ್ಯಾಡ್ರಿ ಟೀಚರ್ರ" ಎಂದರು ಸಾಹುಕಾರರು. "ಸಾಲ್ಯಾಗ ಹುಡುಗ್ರಿಗೆ ಏನ್ ಕಲಸ್ತೀರಿ ಮತ್ತ?" ಆಮೇಲೆ ಆಕೆಯ ಕಡೆ ತಿರುಗಿ, ನೆಲ ನೋಡುತ್ತ ಹೇಳಿದರು: "ಯವ್ವಾ, ಈ ಪಟ್ಟಿ ತಾವಾಗಿ ಮೂಡಿದ್ದಲ್ಲ. ನಾ ಬಳಿದದ್ದು. ಸುಣ್ಣದ್ದು. ಹುಡುಗ್ರು ಇಲ್ಲಿ ಸೈಕಲ್ ಇಳೀಲಿ ಅಂತ."

ಆಕೆ ಪಟ್ಟಿಯನ್ನು ಉಗುರಿನಿಂದ ಕೆರೆದು ಮೂಸಿದಳು. ಸುಣ್ಣ ಗುರುತಿಸದ ಹೆಣ್ಣುಮಗಳು ನಮ್ಮ ಕಡೆ ಇಲ್ಲ.

"ಗೊತ್ತಿತ್ತುರಿ" ಎಂದಳು. "ಮೊದಲ ಸಲ ಬಂದಾಗ ಗೊತ್ತಾತು. ಯಾರ ಬಳಿದ್ರೇನು, ಅವ ಸತ್ತ ಜಾಗಾ ಹೌದಲ್ಲ?"

ಅಲ್ಲ. ಅದನ್ನು ಹೇಳಬೇಕಾದವಳು ನಾನೇ, ಅವನ ಪ್ರಾಣ ಹೋದಾಗ ಬೇರೆ ಯಾರೂ ಅಲ್ಲಿರಲಿಲ್ಲ. ಆಕೆಗೆ ಉಳಿದಿದ್ದುದು ಈ ಕಲ್ಲೊಂದೇ. ಅದನ್ನು ಕಸಿದರೆ ಮಗನನ್ನು ಎರಡನೆಯ ಸಲ ಕಳೆದುಕೊಳ್ಳುತ್ತಾಳೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಿದೆ.

"ಇಲ್ಲಲ್ಲ ತಂಗಿ. ಇದು ಬರೇ ಗುರುತಿನ ಕಲ್ಲು. ಅವ ಕೆಳಗ ಬಿದ್ದ. ಇನ್ನೂ ಕೆಳಗ, ಆ ಬಾರಿ ಕಂಟಿ ಹತ್ರ ಜೀವಾ ಬಿಟ್ಟ."

"ತೋರಸ್ರಿ."

ಇಬ್ಬರೇ ಇಳಿದೆವು. ಬಂಡೆ ಕಡಿದಾಗಿದ್ದಲ್ಲಿ ಆಕೆಯೇ ನನ್ನ ಕೈ ಹಿಡಿದಳು. ಆ ಬೋರೆ ಗಿಡದ ಪೊದೆಯ ಕೆಳಗೆ ಒಣ ಹುಲ್ಲು, ಇರುವೆಯ ಸಾಲು, ಆಡಿನ ಹಿಕ್ಕೆ. ಬೇರೇನೂ ಇರಲಿಲ್ಲ. ನಾನು ಕೂತಿದ್ದ ಜಾಗ ತೋರಿಸಿದೆ. ಅವನ ತಲೆ ಯಾವ ಕಡೆ ಇತ್ತು, ಉಸಿರು ಹೇಗಿತ್ತು, ನೋವು ಬಹಳ ಹೊತ್ತು ಇರಲಿಲ್ಲ ಎಂಬುದನ್ನು ವಾರ್ಡಿನಲ್ಲಿ ಹೇಳುವ ಹಾಗೆಯೇ ಹೇಳಿದೆ. ಆಕೆ ಕೂತು ಹುಲ್ಲಿನ ಮೇಲೆ ಅಂಗೈ ಆಡಿಸಿದಳು.

"ಏನರ ಅಂದನೇನ್ರಿ ಅಕ್ಕಾರ?"

"ಸೈಕಲ್ಲಿಗೆ ಏನಾತು ಅಂತ ಕೇಳಿದ. ಅದು ಸರದಿ ಸೈಕಲ್. ಮುಂದಿನ ವಾರ ಯಾರದೋ ಪಾಳಿ ಇತ್ತು."

"ಸೈಕಲ್!" ಎಂದು ಆಕೆ ನಕ್ಕಳು. ನಗು ಅರ್ಧಕ್ಕೆ ನಿಂತಿತು. "ನನ್ನ ನೆನಸಲಿಲ್ಲಾ?"

ಹೌದು ಎನ್ನಬಹುದಿತ್ತು. ಎಷ್ಟೋ ತಾಯಂದಿರಿಗೆ ಎಷ್ಟೋ ನರ್ಸುಗಳು ಹೌದು ಎಂದಿದ್ದಾರೆ.

"ಇಲ್ಲ ತಂಗಿ."

ಆಕೆ ಇರುವೆಯ ಸಾಲಿಗೆ ಅಡ್ಡಬಿದ್ದಿದ್ದ ಹುಲ್ಲುಕಡ್ಡಿಯನ್ನು ಎತ್ತಿ ಪಕ್ಕಕ್ಕಿಟ್ಟಳು.

"ಛಲೋ ಆತು ಬಿಡ್ರಿ. ಸಣ್ಣಂವ ಇದ್ದಾಗ ಹೆದರಿದ್ರಷ್ಟ ಯವ್ವಾ ಅಂತಿದ್ದ. ಅನಲಿಲ್ಲಂದ್ರ ಹೆದರಿಲ್ಲ ಅವ."

ಆಗ ಮೇಲಿನಿಂದ ಸದ್ದು ಬಂತು. ಪೆಡಲ್ ತುಳಿಯದೆ ಇಳಿಯುವ ಸೈಕಲ್ಲಿನ ಹಿಂದಿನ ಗಾಲಿ ಟಿಕಟಿಕ ಎನ್ನುತ್ತದಲ್ಲ, ಅದು. ಭಾನುವಾರಗಳನ್ನು ಆ ಸದ್ದು ಕೇಳುತ್ತಲೇ ಕಳೆದವಳಿಗೆ ಅದನ್ನು ಬೇರೆ ಸದ್ದೆಂದು ಭ್ರಮಿಸಲು ಆಗುವುದಿಲ್ಲ. ಯಾರೋ ಬರಬೇಡಿ ಎಂದರೂ ಬಂದಿದ್ದಾರೆ ಎಂದು ಸಿಟ್ಟು ಬಂತು. ಎದ್ದು ಆಕೆಯ ತೋಳು ಹಿಡಿದು ದಾರಿಯಿಂದ ಈಚೆಗೆ ಎಳೆದೆ. ಸದ್ದು ಹತ್ತಿರವಾಯಿತು. ನಮ್ಮ ಮುಂದೆ ಬಂತು. ಕೆಳಗೆ ಇಳಿದು ಗದ್ದೆಯ ಕಡೆ ಹೋಯಿತು. ಸೈಕಲ್ ಕಾಣಲಿಲ್ಲ, ಹುಲ್ಲು ಅಲುಗಲಿಲ್ಲ.

"ಜೋರು ಹೋದ" ಎಂದಳು ಆಕೆ.

ಮೇಲೆ ಹತ್ತಿ, ಯಾರು ಇಳಿದವರು ಎಂದು ಕೇಳಿದೆ. ಯಾರೂ ಬಂದಿಲ್ಲ ಎಂದರು ಇಬ್ಬರೂ. ಏನೂ ಕೇಳಿಸಿಲ್ಲ ಎಂದು ಟೀಚರ್ ಹೇಳಿದರು. ಸಾಹುಕಾರರು ಮಾತ್ರ ನನ್ನ ಮುಖ ನೋಡದೆ ಹಾರೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು.

ಆಕೆ ಕಲ್ಲಿನ ಮುಂದೆ ಕೂತಳು. "ಕೆಳಗ ಏನೂ ಇಲ್ರಿ. ಅಲ್ಲಿ ಅವ ಸತ್ತದ್ದಷ್ಟ ಐತಿ. ಇಲ್ಲಿಗೆ ಮಂದಿ ಬರ್ತೈತಿ, ಮಾತಾಡಸ್ತೈತಿ. ಇಲ್ಲೇ ಇರ್ಲಿ ಅವ. ಕಲ್ಲಿಗೆ ಹಾರಿ ಹಚ್ಚಬ್ಯಾಡ್ರಿ." ಆಮೇಲೆ ಬಾಟಲಿಯ ಮುಚ್ಚಳ ಬಿಗಿ ಮಾಡಿದಳು. "ಎಣ್ಣಿ ಹಾಕೂದಿಲ್ಲ. ಉಳದ ಮಂದಿಗೂ ಹೇಳ್ತೀನಿ. ತಾಯಿ ಹೇಳಿದ್ರ ಕೇಳ್ತಾರ."

"ಈ ಎಣ್ಣಿ ಏನ್ ಮಾಡ್ತಿ ಯವ್ವಾ?" ಎಂದರು ಸಾಹುಕಾರರು.

"ಒಗ್ಗರಣಿಗೆ ಹಾಕ್ತೀನ್ರಿ. ಎಣ್ಣಿ ಏನ್ ಪುಕ್ಕಟ ಬರ್ತೈತಿ?"

ಹಾರೆಗೆ ಬೇರೆ ಕೆಲಸ ಸಿಕ್ಕಿತು. ಸಾಹುಕಾರರು ದಾರಿಯನ್ನೇ ಕಲ್ಲಿನಿಂದ ಒಂದು ಮಾರು ದೂರಕ್ಕೆ ತಿರುಗಿಸಲು ಸಣ್ಣ ಬಂಡೆಗಳನ್ನು ಎಬ್ಬಿಸಿದರು. ಟೀಚರ್ ಎಡಗೈಯಲ್ಲೇ ಮುಳ್ಳು ಕಡಿದರು. ತಾಯಿ ಸೀರೆ ಸಿಕ್ಕಿಸಿ ಕಲ್ಲು ಹೊತ್ತಳು. ಅವಳು ಹೊತ್ತಷ್ಟು ನಾವು ಮೂವರೂ ಹೊರಲಿಲ್ಲ. ಹೊಸ ತಿರುವಿನ ಮೇಲೆ ಹೊಸ ಗುರುತು ಬೇಕಾಯಿತು. ಸಾಹುಕಾರರು ಜೀಪಿನಿಂದ ಸುಣ್ಣದ ಡಬ್ಬಿ, ಕುಂಚ ತಂದರು.

"ಮೂರು ಪಟ್ಟಿ ಮಾತ್ರ ಬ್ಯಾಡ್ರಿ, ಇನ್ನೊಂದು ಲಿಂಗ ಆಗ್ತೈತಿ" ಎಂದರು ಸಾಹುಕಾರರು.

"ಉದ್ದಕ ಎಳದ್ರ?" ಎಂದೆ ನಾನು.

"ನಾಮ ಆಗ್ತೈತ್ರಿ ಸಿಸ್ಟರ್. ಆಮ್ಯಾಲೆ ಎರಡೂ ಕಡಿ ಜಗಳ."

ಟೀಚರ್ ಕುಂಚ ಕಸಿದುಕೊಂಡು ಹೊಸ ಕಲ್ಲಿನ ಮೇಲೆ ದೊಡ್ಡದಾಗಿ ಗುಣಾಕಾರದ ಗುರುತು ಎಳೆದರು. ತಪ್ಪು ಉತ್ತರಕ್ಕೆ ಹಾಕುವಂಥದ್ದು. "ಇದಕ್ಕ ಯಾರೂ ಕೈ ಮುಗಿಯಂಗಿಲ್ಲ. ನನ್ನ ಹುಡುಗ್ರಂತೂ ಓಡಿ ಹೋಗ್ತಾರ." ಇನ್ನು ನಾಲ್ಕೂ ಊರಿನವರು ಮೂರು ಪಟ್ಟಿಯ ಬದಲು ಇದನ್ನೇ ಹಾಕಬೇಕೆಂದು ಅಲ್ಲೇ ಠರಾಯಿಸಿದೆವು.

ಊಟದ ಹೊತ್ತಿಗೆ ಸಾಹುಕಾರರು ತಾಯಿಯನ್ನೂ ಟೀಚರನ್ನೂ ಜೀಪಿನಲ್ಲಿ ಗಂಗಾವತಿ ಬಸ್ ನಿಲ್ದಾಣಕ್ಕೆ ಕರೆದೊಯ್ದರು. ಹೊರಡುವಾಗ ಆಕೆ ನನ್ನ ಕೈ ಹಿಡಿದು, "ಅವ ಮನಿಗೆ ಬಂದ್ರ ಮಾತಾಡಸ್ರಿ ಅಕ್ಕಾರ, ಹೆದರಬ್ಯಾಡ್ರಿ" ಎಂದಳು. ನನ್ನ ಮನೆಯ ವಿಷಯ ನಾನು ಆಕೆಗೆ ಹೇಳಿರಲಿಲ್ಲ.

ಒಂದು ಕೆಲಸ ಉಳಿದಿತ್ತು. ಹಳೆಯ ಎಣ್ಣೆ. ಸವಾರರು ಹೊಸ ದಾರಿ ಹಿಡಿದರೂ ಕುರಿಗಾರರು, ಪೂಜೆಗೆ ಬರುವ ಹೆಂಗಸರು ಹಳೆಯ ಬಂಡೆಯನ್ನೇ ತುಳಿಯುತ್ತಾರೆ. ಗದ್ದೆಯವರ ಕೊಡ ಕೇಳಿ ಪಡೆದು, ಕಾಲುವೆಯಿಂದ ನಿಂತು ನಿಂತು ನೀರು ತಂದೆ, ಗದ್ದೆಯ ಒಲೆಯಿಂದ ಬೂದಿ ತಂದೆ, ಒಡೆದ ಕಾಯಿಗಳ ನಾರು ಅಲ್ಲೇ ಇತ್ತು. ಮಂಡಿಯೂರಿ ಮೇಲಿನಿಂದ ಕೆಳಗೆ ಉಜ್ಜಿದೆ. ಬಂಡೆ ಎಣ್ಣೆ ಕುಡಿದಿತ್ತು. ಮೂರು ಸಲ ಬೂದಿ ಹಾಕಬೇಕಾಯಿತು. ಮಧ್ಯಾಹ್ನದ ಬಿಸಿಲಿನಲ್ಲಿ ಗುಡ್ಡದ ಮೇಲೆ ಯಾರೂ ಇರಲಿಲ್ಲ. ಆದರೂ ನಾನು ಬಂಡೆಯ ಒಂದೇ ಅಂಚಿನಲ್ಲಿ ಕೂತು, ಒಂದು ಸೈಕಲ್ ಹೋಗುವಷ್ಟು ಜಾಗ ಬಿಟ್ಟುಕೊಂಡು ಉಜ್ಜುತ್ತಿದ್ದೆ ಎಂಬುದು ಅರ್ಧ ಬಂಡೆ ಮುಗಿದ ಮೇಲೆ ಗಮನಕ್ಕೆ ಬಂತು. ಎದ್ದು ಆಚೆ ಅಂಚಿಗೆ ಹೋಗಿ ಆ ಅರ್ಧವನ್ನೂ ಉಜ್ಜಿದೆ. ಕೊನೆಯ ಕೊಡ ಸುರಿದು, ಅಂಗೈ ಒತ್ತಿ ನೋಡಿದೆ. ಜಾರಲಿಲ್ಲ.