ಸದಾ ಲೈನಿನಲ್ಲಿರದವರು

ಗೋರೆಗಾಂವ್‌ನ ನಮ್ಮ ಆಫೀಸಿನಲ್ಲಿ ಧಾರವಾಡ ಕಡೆಯ ಸೀನಿಯರ್ ಒಬ್ಬರಿದ್ದರು. ಯಾರಾದರೂ ವಾದಕ್ಕಿಳಿದರೆ ತಮ್ಮ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ, "ಮಾಡಿ ನೋಡೂಣಲ್ರೀ" ಎನ್ನುತ್ತಿದ್ದರು.

ಊರೆಲ್ಲ ಸುತ್ತಿ ಅಂಗಡಿಗಳ ಆರ್ಡರ್ ಹಿಡಿಯುವ ಸೇಲ್ಸ್‌ನವರಿಗಾಗಿ ನಾವೊಂದು ಆ್ಯಪ್ ಕಟ್ಟುತ್ತಿದ್ದೆವು. ಅವರ ಫೋನು ನಮ್ಮ ಸರ್ವರ್ ಜೊತೆ ಸದಾ ಸಂಪರ್ಕದಲ್ಲೇ ಇರಬೇಕೆಂದು ಮೈಸೂರು ಕಡೆಯ ನಮ್ಮ ಮ್ಯಾನೇಜರ್ ಹಟ ಹಿಡಿದರು. ಸಂದೇಶ ಕಳಿಸಿಬಿಟ್ಟರೆ ಸಾಕು, ಸಿಗ್ನಲ್ ಸಿಕ್ಕಾಗ ತಾನೇ ತಲುಪುತ್ತದೆ ಎಂಬುದು ಈ ಸೀನಿಯರ್ ವಾದ.

"ಮಾಡಿ ನೋಡೂಣಲ್ರೀ" ಎಂದವರೇ ಊಟದ ಹೊತ್ತಿಗೂ ಮುಂಚೆಯೇ ಲೋಕಲ್ ರೈಲು ಹತ್ತಿ ಮ್ಯಾನೇಜರಿಗೆ ಫೋನ್ ಹಚ್ಚಿದರು. ಗಾಡಿ ಅಂಧೇರಿ ದಾಟುವುದರೊಳಗೆ "ಹಲೋ, ಹಲೋ" ಎಂದು ಕೂಗಿ ಮ್ಯಾನೇಜರ ಗಂಟಲು ಒಣಗಿತು. ಆಮೇಲೆ ಇವರು ಕಳಿಸಿದ ಸಂದೇಶಗಳು ಮಾತ್ರ, ತಡವಾದರೂ, ಒಂದೂ ತಪ್ಪದೆ ಬಂದವು: "ಪರೀಕ್ಷೆ ನಡದೈತ್ರೀ."

"ಸರಿ ಕಣ್ರೀ, ನೀವೇ ಗೆದ್ರಿ. ವಾಪಸ್ ಬನ್ನಿ" ಎಂದು ಮ್ಯಾನೇಜರ್ ಬರೆದರು. ಉತ್ತರವಿಲ್ಲ. ಗಾಬರಿಯಾಗಿ ಚೆಂಬೂರಿನ ಅವರ ಮನೆಗೆ ನಾನೇ ಫೋನ್ ಮಾಡಿದೆ.

ಅವರ ಹೆಂಡತಿ ಪಿಸುಗುಟ್ಟಿದರು: "ಉಂಡು ಮಲ್ಕೊಂಡಾರ್ರೀ. ಫೋನ್ ಬೋರಲ ಹಾಕ್ಯಾರ. ಸಂದೇಶ ಕಳಿಸಿಬಿಡ್ರಿ, ಎದ್ದಾಗ ತಾನ ತಲುಪತೈತಂತ."